ಕಣ್ಣು ಮುಚ್ಚುವ ಮೊದಲೇ

ವಡಪಳನಿಯ ಒಂದು ಫೋಟೋ ಅಂಗಡಿಯಲ್ಲಿ ನಾನು ‘ಕಣ್ಣೀರ್ ಅಂಜಲಿ’ ಪೋಸ್ಟರ್ ಮಾಡುತ್ತೇನೆ. ಯಾರಾದರೂ ತೀರಿಕೊಂಡರೆ ಅವರ ಮುಖ ಹಾಕಿ ಬೀದಿಯ ಗೋಡೆಗೆಲ್ಲ ಅಂಟಿಸುತ್ತಾರಲ್ಲ, ಅದು. ನನ್ನ ಕಂಪ್ಯೂಟರಿನಲ್ಲಿ ಒಂದು ಫೋಟೋ ತೆರೆಯಲು ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಕಣ್ಣು ಮುಚ್ಚಿ, ನಮ್ಮವರು ಯಾರೂ ಆಗಿರಬಾರದು ದೇವರೇ, ಎಂದು ಬೇಡಿಕೊಳ್ಳುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಮೊನ್ನೆ ಮಾಲೀಕರು ಹಳೆಯ ಹಾರ್ಡ್ ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಹಾಕಿಸಿದರು. “ಪಾರುಮ್ಮಾ, ಸೂಪರ್ ಫಾಸ್ಟು!” ಎಂದು ಹಿಗ್ಗಿದರು. ಸತ್ತವರಿಗೆ ಎಂಥ ಅವಸರವೋ!

ಮರುದಿನ ಬೆಳಿಗ್ಗೆ ಪೋಸ್ಟರ್ ಫೋಲ್ಡರಿನಲ್ಲಿ ಹೊಸ ಫೋಟೋ ಬಂದಿತ್ತು. ಒತ್ತಿದೆ. ಕಣ್ಣು ಮುಚ್ಚುವ ಮೊದಲೇ ಪರದೆಯ ತುಂಬ ಅಪ್ಪ.

ಅಪ್ಪ ಇದೇ ಊರಿನ ಪುರಸೈವಾಕ್ಕಂನ ಉಡುಪಿ ಹೋಟೆಲಿನಲ್ಲಿ ಅಡುಗೆಯವರು, ವಾಸವೂ ಅಲ್ಲೇ. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಕೇಳೋಣವೆಂದರೆ ಮಾಲೀಕರು ಇನ್ನೂ ಬಂದಿರಲಿಲ್ಲ. ಕೊನೆಗೆ ಅಪ್ಪನೇ ಎತ್ತಿದರು. ಹಿಂದೆ ಪಾತ್ರೆಗಳ ಸದ್ದು. ನಿಮ್ಮ ಫೋಟೋ ಇಲ್ಲಿಗೆ ಹೇಗೆ ಬಂತು ಎಂದು ಕೇಳಿದೆ.

“ಅದಾ? ನಾನೇ ನಿನ್ನೆ ರಾತ್ರಿ ಅಂಗಡಿಗೆ ಕೊಟ್ಟು ಬಂದದ್ದು ಮಗಾ, ನೀನು ಇರ್ಲಿಲ್ಲ. ಈಗ್ಲೇ ಚಂದ ಮಾಡಿ ಇಡು. ಆಮೇಲೆ ಅಳ್ತಾ ಅಳ್ತಾ ಎಂತ ಮಾಡ್ತಿ?”

ಬಾಯಿಗೆ ಬಂದಂತೆ ಬೈದು ಫೋನಿಟ್ಟೆ, ಫೈಲು ಮುಚ್ಚಿದೆ. ಅದನ್ನು ಇನ್ನೂ ತೆರೆದಿಲ್ಲ. ಬೆರಳು ತಾಗಿದರೆ ಸಾಕು, ಬೇಡಿಕೊಳ್ಳಲೂ ಬಿಡದೆ ತೆರೆದುಕೊಳ್ಳುತ್ತದೆ.