ದುರಗವ್ವನ ಅಂಗಿ

ನಾನು ನಿಂತಿದ್ದು ದ್ಯಾಮವ್ವನ ಗುಡಿಯ ಬಾಗಿಲಿನ ಎಡಗಡೆ, ಎರಡು ಹೆಜ್ಜೆ ದೂರದಲ್ಲಿ. ಮೂರು ವರ್ಷದ ಹಿಂದೆ, ಶ್ರಾವಣದ ಮೊದಲ ಮಂಗಳವಾರ, ಬೆಳಿಗ್ಗೆ ಆರೂವರೆ. ಕೈಯಲ್ಲಿ ಕೆಂಪು ಬಣ್ಣದ ಕುಂಚವಿತ್ತು. ‘ಮಹಿಳೆಯರು ಸೀರೆಯಲ್ಲಿಯೇ ಬರತಕ್ಕದ್ದು’ ಎಂಬ ಬೋರ್ಡನ್ನು ಬರೆದು ಮುಗಿಸಿದ್ದೆ. ಪ್ಯಾಂಟು ತೊಟ್ಟು ಬರುವ ಕಾಲೇಜಿನ ಹುಡುಗಿಯರಿಗಾಗಿ ಗುಡಿಯ ಕಮಿಟಿ ಬರೆಸಿದ ಬೋರ್ಡು ಅದು.

ಮೊದಲು ಬಂದವಳು ದುರಗವ್ವ.

ಕಾರಟಗಿ ಸೀಮೆಯ ನಮ್ಮೂರಿನಲ್ಲಿ ಭತ್ತದ ಸಸಿ ಹಚ್ಚುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಬಿಸಿಲಿಗೆ, ಮೈ ಕೊಯ್ಯುವ ಭತ್ತದ ಗರಿಗಳಿಗೆ ಹೆದರಿ ಎಲ್ಲರೂ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಾರೆ. ಉಳಿದವರು ಗುಡಿ ಎದುರಾದರೆ ಅಂಗಿ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ದುರಗವ್ವ ಕಳಚುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ.

“ಸಿಂಗಾರ ಆಗಿ ಬಂದ್ರ ಅಕಿಗೆ ನನ್ನ ಗುರ್ತ ಹತ್ತಬೇಕಲ್ಲಪಾ! ದಿನಾ ಗದ್ದ್ಯಾಗ ಹಿಂಗ ನೋಡ್ತಾಳ.”

ದೇವಿಯನ್ನೂ ಬಿಡುತ್ತಿರಲಿಲ್ಲ. “ನಿನಗ ಹನ್ನೊಂದು ಸೀರಿ, ನನಗ ಒಂದ ಅಂಗಿ. ಸುಮ್ನ ಕುಂತು ಕೇಳು” ಎಂದು ಮನೆಯ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದಳು.

ಹಂಗಾಮಿನ ಮೊದಲ ಹಿಡಿ ಸಸಿಯನ್ನು ದೇವಿಯ ಪಾದಕ್ಕಿಟ್ಟೇ ಗದ್ದೆಗಿಳಿಯುವುದು ಅವಳ ಕ್ರಮ. ಅಂದೂ ಸಸಿ ತಂದಿದ್ದಳು. ಕಮಿಟಿಯ ಅಧ್ಯಕ್ಷರಾದ ಚನ್ನನಗೌಡರು ಬಾಗಿಲಿಗೆ ಅಡ್ಡ ನಿಂತರು.

“ಏ ದುರಗಿ, ಬೋರ್ಡ್ ಕಾಣಂಗಿಲ್ಲೇನು?”

ಅವಳಿಗೆ ಓದು ಬರುತ್ತಿರಲಿಲ್ಲ. ನನ್ನ ಕಡೆ ತಿರುಗಿದಳು. “ಏನ್ ಬರದಿ ತಮ್ಮಾ? ಓದು.”

ಓದಿದೆ.

“ಸೀರಿ ಉಟ್ಟೀನಲ್ರಿ ಗೌಡ್ರ.”

“ಮ್ಯಾಲೆ ಏನದು? ಗಂಡಸರ ಅಂಗಿ ಹಾಕ್ಕೊಂಡು ದೇವಿ ಮುಂದ ನಿಂದ್ರತಿ? ನಾಚಿಕಿಲ್ಲ?”

“ನಿಮ್ಮ ಗದ್ದ್ಯಾಗ ಬಗ್ಗಿದಾಗೂ ಇದ ಅಂಗಿರಿ. ಅವಾಗ ಗಂಡಸರದು ಅನಿಸಲಿಲ್ಲೇನ್ರಿ?”

“ಬಾಯಿ ಭಾಳ ಆತು. ಇಲ್ಲೇ ತಗದು ಒಳಗ ಹೋಗು.”

“ಗಂಡಸರ ಮುಂದ ಗುಂಡಿ ಬಿಚ್ಚು ಅಂತೀರಿ. ಇದಕ್ಕ ಮರ್ಯಾದಿ ಅಂತೀರೇನ್ರಿ?”

ಗೌಡರು ಅವಳ ಕೊರಳಪಟ್ಟಿಗೆ ಕೈ ಹಾಕಿ ಎಳೆದರು. ಮೇಲಿನ ಎರಡು ಗುಂಡಿ ಕಿತ್ತುಬಂದವು. ಸಸಿ ನೆಲಕ್ಕೆ ಬಿತ್ತು. ಹಿಂದೆ ಸರಿದ ಗೌಡರ ಚಪ್ಪಲಿ ಅದರ ಮೇಲಿತ್ತು. ಅವರು ಕಾಲು ತೆಗೆಯುವ ತನಕ ದುರಗವ್ವ ಒಂದು ಕೈಯಲ್ಲಿ ಅಂಗಿಯ ಎದೆ ಹಿಡಿದು, ಬಗ್ಗಿ ಕಾಯ್ದಳು. ಆಮೇಲೆ ಒಂದೊಂದೇ ಸಸಿಯನ್ನು ಆರಿಸಿಕೊಂಡಳು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಕುಂಚ ಕೆಳಗಿಡಲಿಲ್ಲ, ಬಾಯಿ ತೆರೆಯಲಿಲ್ಲ.

ಅವಳು ಬಾಗಿಲಾಚೆಯ ದೇವಿಯನ್ನು ನೋಡಿ, “ನೋಡಿದ್ಯಲ್ಲ ಯವ್ವಾ? ಅಷ್ಟ ಸಾಕು” ಎಂದು ಹೋದಳು.

ಮತ್ತೆ ಆ ಗುಡಿಗೆ ಬರಲಿಲ್ಲ. ಗೌಡರ ಗದ್ದೆಗೂ ಇಳಿಯಲಿಲ್ಲ. ಗೌಡರ ಮಾತಿಗಂಜಿ ಬೇರೆಯವರೂ ಅವಳನ್ನು ಕರೆಯಲಿಲ್ಲ. ಕೊನೆಯ ಸಲ ಕಂಡಾಗ ಕಾಲುವೆಯ ಆಚೆ ಒಬ್ಬಳೇ ಮೇಕೆ ಕಾಯುತ್ತಿದ್ದಳು. ಮೈಮೇಲೆ ಅಂಗಿ ಇತ್ತು. ನಾನು ನಿಂತೆ, ಅವಳು ಮಾತಾಡಿಸಲಿಲ್ಲ.

ಹೋದ ಬೇಸಿಗೆಯಲ್ಲಿ ಜ್ವರದಿಂದ ತೀರಿಕೊಂಡಳು. ದುರಗವ್ವ ಸೊಕ್ಕಿನಿಂದ ತಾನೇ ಗುಡಿ ಬಿಟ್ಟಳು, ಅವಳ ಮೈ ಯಾರೂ ಮುಟ್ಟಲಿಲ್ಲ ಎಂದು ಈಗ ಊರಲ್ಲಿ ಹೇಳುತ್ತಾರೆ. ಮುಟ್ಟಿದ್ದನ್ನು ನಾನು ನೋಡಿದೆ. ಅವಳ ಹಿಂದೆ ಅಂಗಿ ಕಳಚಿ ಹಿಡಿದು ನಿಂತಿದ್ದ, ಅವಳದೇ ಗುಂಪಿನ ಹನುಮವ್ವ ನೋಡಿದಳು. ಒಳಗೆ ದೀಪ ಹಚ್ಚುತ್ತಿದ್ದ ಪೂಜಾರಿ ಮಲ್ಲಪ್ಪ ನೋಡಿದ. ಇಬ್ಬರೂ ಬದುಕಿದ್ದಾರೆ. ಚನ್ನನಗೌಡರೂ ಇದ್ದಾರೆ.