ಬರಣಿ ಸಾಲಿನ ಮನೆ

ಹಳೆಯ ಪಿಂಗಾಣಿ ಎಂದರೆ ನನಗೆ ಧೂಳು ಒರೆಸುವ ಕೆಲಸ, ಅಷ್ಟೇ. ಬಿರುಕು ಬಿಟ್ಟ ತಟ್ಟೆಯನ್ನು ಗೋಡೆಗೆ ತೂಗುಹಾಕಿ ಅಲಂಕಾರ ಎನ್ನುವವರನ್ನು ಕಂಡರೆ ನಗು ಬರುತ್ತದೆ. ಆದರೆ ಎದುರು ಮನೆಯ ಗುರುಬಾಯಿಯನ್ನು ನೋಡಿ ನಾನು ಒಮ್ಮೆಯೂ ನಗಲಿಲ್ಲ. ಅವಳು ಅದನ್ನೆಲ್ಲ ಶೋಕಿಗಾಗಿ ತಂದವಳಲ್ಲ.

ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಕನ್ನಡ ಕೇಳಿಸುವುದು ನಮ್ಮಿಬ್ಬರ ಮನೆಗಳಲ್ಲಿ ಮಾತ್ರ. ನಾನು ವಾರಿಜಾ, ಉಡುಪಿ ಕಡೆಯವಳು. ಗುರುಬಾಯಿ ವಿಜಯಪುರದವಳು. ಗಂಡ ತೀರಿಕೊಂಡ ಮೇಲೆ ವಿಲೆ ಪಾರ್ಲೆಯ ಒಂದು ಕಾಲೇಜಿನ ಆಫೀಸಿನಲ್ಲಿ ದುಡಿದು ಮಗಳು ಶೀತಲಳನ್ನು ಓದಿಸುತ್ತಿದ್ದಾಳೆ. ಜೊತೆಗೆ ತಾಯಿ ರಾಚವ್ವ. ರಾಚವ್ವನಿಗೆ ಮರೆವಿನ ಕಾಯಿಲೆ. ಮೊದಲು ಒಲೆಯ ಮೇಲಿಟ್ಟ ಹಾಲನ್ನು ಮರೆತಳು, ಆಮೇಲೆ ಮೊಮ್ಮಗಳ ಹೆಸರು ಮರೆತಳು, ಕೊನೆಗೆ ತಾನಿರುವುದು ತನ್ನದೇ ಮನೆ ಎಂಬುದನ್ನೂ ಮರೆತಳು.

"ಮನಿಗೆ ಹೋಗೂಣು" ಎನ್ನುವುದೊಂದೇ ದಿನವಿಡೀ ಅವಳ ಬಾಯಲ್ಲಿ. ಇದೇ ನಿನ್ನ ಮನೆ ಎಂದರೆ ಒಪ್ಪುತ್ತಿರಲಿಲ್ಲ. ಬಾಗಿಲು ತೆರೆದಿದ್ದರೆ ಬರಿಗಾಲಲ್ಲೇ ಹೊರಟುಬಿಡುತ್ತಿದ್ದಳು. ಒಮ್ಮೆ ಸ್ಟೇಷನ್ನಿನ ಬ್ರಿಜ್ ಮೇಲೆ ಸಿಕ್ಕಳು. ಇನ್ನೊಮ್ಮೆ ಪ್ಲಾಟ್‌ಫಾರ್ಮಿನ ತುದಿಯಿಂದ ಇಳಿದು ಹಳಿಯ ಪಕ್ಕ ನಡೆಯುತ್ತಿದ್ದವಳನ್ನು ಪೊಲೀಸರು ಎಳೆದುಕೊಂಡು ಬಂದರು. ಅಂದಿನಿಂದ ಗುರುಬಾಯಿ ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗತೊಡಗಿದಳು. ಒಳಗೆ ರಾಚವ್ವ ಬಾಗಿಲು ಬಡಿಯುತ್ತಿದ್ದರೆ ಇತ್ತ ನಾನು ಊಟದ ತಟ್ಟೆ ಸರಿಸಿ ಏಳುತ್ತಿದ್ದೆ. ಇನ್ನೊಂದು ಕೀಲಿ ನನ್ನ ಬಳಿ ಇತ್ತು. ಹೋಗಿ ಕೂರುತ್ತಿದ್ದೆ, ಆದರೆ ನನಗೂ ಮನೆ-ಮಕ್ಕಳು ಇದ್ದಾರಲ್ಲ.

ಎಲ್ಲಿಯಾದರೂ ಆಶ್ರಮಕ್ಕೆ ಸೇರಿಸಿ ಎಂದರು ಡಾಕ್ಟರು. ಗುರುಬಾಯಿ ನನ್ನ ಮನೆಗೆ ಬಂದು ಅತ್ತುಬಿಟ್ಟಳು.

"ನಮ್ಮವ್ವನ್ನ ಮಂದಿ ಕೈಯಾಗ ಹೆಂಗ ಕೊಡ್ಲಿರೀ ವಾರಿಜಕ್ಕ? ದಿನಾ ಕೀಲಿ ಹಾಕಿ ಹೋಗೂದೂ ನನ್ನ ಕೈಲೆ ಆಗವಲ್ದು. ನಾ ಏನ್ ಮಾಡ್ಲಿ ಹೇಳ್ರಿ."

ಚಹಾ ಮಾಡಿ ಕೊಟ್ಟೆ.

ಇದಾಗಿ ಕೆಲವು ದಿನಕ್ಕೆ ರಾಚವ್ವನನ್ನು ನನ್ನ ಮನೆಗೆ ಕರೆತಂದಿದ್ದೆ. ಉಪ್ಪು ಹಾಕಿಡುವ ನನ್ನ ಹಳೆಯ ಪಿಂಗಾಣಿ ಬರಣಿ ಕಟ್ಟೆಯ ಮೇಲಿತ್ತು, ಮೇಲ್ಭಾಗ ಕಂದು, ಕೆಳಗೆ ಬಿಳಿ. ಅದನ್ನು ಕಂಡದ್ದೇ ರಾಚವ್ವ ನಿಂತಲ್ಲೇ ನಿಂತಳು. ಸೆರಗನ್ನು ತಲೆಯ ಮೇಲೆಳೆದುಕೊಂಡು ಮೂಲೆಯಲ್ಲಿ ಕೂತಳು. ಸಂಜೆಯವರೆಗೂ ಮನೆಗೆ ಹೋಗುವ ಮಾತೆತ್ತಲಿಲ್ಲ.

ವಿಷಯ ಹೇಳಿದಾಗ ಗುರುಬಾಯಿ ಕುಣಿಯುವುದೊಂದು ಬಾಕಿ. "ಗುರ್ತು ಹಿಡದಾಳ! ವಿಜಾಪುರದ ಮನಿ ನೆನಪಾಗೇತಿ ನೋಡ್ರಿ!"

ಗುರುಬಾಯಿ ಹುಟ್ಟಿ ಬೆಳೆದದ್ದು ಬಟ್ಟೆ ವ್ಯಾಪಾರಿಯಾಗಿದ್ದ ಅಜ್ಜನ ಮನೆಯಲ್ಲಿ. ಅಲ್ಲಿನ ಅಡುಗೆಮನೆಯಲ್ಲಿ ಉದ್ದದ ಹಲಗೆ, ಅದರ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಬರಣಿಗಳ ಸಾಲು. ಗೋಡೆಯಲ್ಲಿ ನೀಲಿ ಹೂವಿನ ತಟ್ಟೆಗಳು, ಗೂಡಿನಲ್ಲಿ ಬಂಗಾರದ ಅಂಚಿನ ಕಪ್-ಬಸಿ. ಎಲ್ಲವೂ ಅಜ್ಜಿಯ, ಅಂದರೆ ರಾಚವ್ವನ ಅತ್ತೆಯ, ಕೈಕೆಳಗೆ.

"ನಮ್ಮವ್ವಗ ಆ ಮನಿ ಅಂದ್ರ ಜೀವರೀ. ತವರಿಗೆ ಹೋಗು ಅಂದ್ರೂ ಹೋಗತಿರಲಿಲ್ಲ. ಚೀಲಾ ಹಿಡಕೊಂಡು ಅಂಗಳದ ತನಕಾ ಹೋಗೂದು, ಬಾಗಲದಾಗ ನಿಂತ ನನ್ನ ಮಾರಿ ನೋಡೂದು, ಹೊಳ್ಳಿ ಬರೂದು. ಹಂಗಿತ್ತು ಮಾಯೆ."

ಅಂದಿನಿಂದ ಭಾನುವಾರವೆಂದರೆ ಲೋಕಲ್ ಹತ್ತಿ ಗ್ರಾಂಟ್ ರೋಡಿನಲ್ಲಿ ಇಳಿದು ಚೋರ್ ಬಜಾರಿಗೆ. ನಾನೂ ಜೊತೆಗೆ ಅಲೆದಿದ್ದೇನೆ. ಮುರಿದ ಗ್ರಾಮಫೋನು, ಗೊಂಚಲು ದೀಪಗಳ ನಡುವೆ ಅವಳು ಬರಣಿಗಳನ್ನು ಎತ್ತಿ ಎತ್ತಿ ನೋಡುವಳು. ಅಂಗಡಿಯವನು ಸೊಗಸಾದ ಚೀನಾ ಹೂಜಿ ತೋರಿಸಿದರೆ ಬೇಡ, ಹಕ್ಕಿ ಇರುವ ತಟ್ಟೆಯೂ ಬೇಡ, ಹೂವಷ್ಟೇ ಇರಬೇಕು. ಸಿಗದೆ ವಾಪಸಾದ ದಿನ ರೈಲಿನಲ್ಲೇ ಮುಂದಿನ ಭಾನುವಾರ ನೋಡಬೇಕಾದ ಅಂಗಡಿಗಳನ್ನು ಬೆರಳೆಣಿಸುತ್ತಿದ್ದಳು. ಅಲ್ಲ, ಮುಳುಗುವವಳು ಹುಲ್ಲುಕಡ್ಡಿ ಹಿಡಿದಿದ್ದಾಳೆ, ಕಿತ್ತುಕೊಳ್ಳಲು ನಾನು ಯಾರು?

ಸ್ಟೀಲಿನ ಡಬ್ಬಿಗಳು ಮಂಚದ ಕೆಳಗೆ ಹೋದವು. ಬಡಿಗ ಬಂದು ಹಲಗೆ ಬಡಿದ. ಬರಣಿಗಳು ಸಾಲಾಗಿ ಕೂತವು, ತಟ್ಟೆಗಳು ತಂತಿಯಲ್ಲಿ ಗೋಡೆ ಏರಿದವು, ಕಪ್-ಬಸಿಗಳು ಕಪಾಟು ಸೇರಿದವು. ನೋಡಲು ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಶೀತಲ ಮೊಬೈಲಿನಲ್ಲಿ ಫೋಟೊ ತೆಗೆದು, "ಮಮ್ಮಿ, ಏಕ್‌ದಮ್ ವಿಂಟೇಜ್ ಕಾಣ್ತೈತಿ" ಎಂದಳು. ಕೆಳಗಿನ ಮನೆಯ ಗುಜರಾತಿ ಹೆಂಗಸು ಅಂಗಡಿಯ ವಿಳಾಸ ಕೇಳಿಕೊಂಡು ಹೋದಳು.

ರಾಚವ್ವ ಆ ಗೋಡೆಯನ್ನು ಬಹಳ ಹೊತ್ತು ನೋಡಿದಳು. ಅಂದು ಬಾಗಿಲು ಬಡಿಯಲಿಲ್ಲ. ಮರುದಿನವೂ ಇಲ್ಲ. ಗುರುಬಾಯಿ ದೇವರಿಗೆ ತುಪ್ಪದ ದೀಪ ಹಚ್ಚಿ, ಬೀಗವನ್ನು ತೆಗೆದು ಎಸೆದಳು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ರಾಚವ್ವ ಈಗ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ, ಹೊಸ್ತಿಲ ಬಳಿ ನೆಲದ ಮೇಲೆ ಕೂರುತ್ತಿದ್ದಳು. ಎಲ್ಲರ ಊಟವಾಗುವ ತನಕ ತಟ್ಟೆ ಮುಟ್ಟುತ್ತಿರಲಿಲ್ಲ. ಮಗಳು ಬಂದರೆ ತಟ್ಟನೆ ಎದ್ದು ನಿಲ್ಲುತ್ತಿದ್ದಳು.

"ಎಂತ ಮಾರಾಯ್ತಿ, ಅಮ್ಮ ನಿನಗೆ ರೀ ಹಚ್ಚಿ ಮಾತಾಡುದು?" ಎಂದು ಕೇಳಿಯೂ ಕೇಳಿದೆ.

"ಓಡಿ ಹೋಗೂದು ಬಿಟ್ಟಾಳಲ್ರೀ, ನನಗಷ್ಟ ಸಾಕು" ಎಂದಳು ಗುರುಬಾಯಿ.

ಮೊನ್ನೆ ಸಂಜೆ ಅವಳು ಕೆಲಸದಿಂದ ಬಂದಾಗ ನಾನೂ ಅಲ್ಲೇ ಇದ್ದೆ. ಅಡುಗೆಮನೆಯಲ್ಲಿ ಮೊಳೆ ಸಡಿಲಾಗಿ ಒಂದು ನೀಲಿ ತಟ್ಟೆ ಬಿದ್ದು ಒಡೆಯಿತು. ಇಬ್ಬರೂ ಓಡಿದೆವು. ರಾಚವ್ವ ಚೂರುಗಳನ್ನು ಬಾಚಿ ಬಾಚಿ ಉಡಿಯೊಳಗೆ ತುಂಬಿಕೊಳ್ಳುತ್ತಿದ್ದಳು. ಅಂಗೈ ಕೊಯ್ದು ಸೀರೆಯೆಲ್ಲ ರಕ್ತ.

"ನಾ ಒಡದಿಲ್ರೀ ಅತ್ತೀ! ತಾನ ಬಿತ್ರೀ!"

"ಅವ್ವಾ, ನಾನು. ನಿನ್ನ ಮಗಳು. ಗುರುಬಾಯಿ" ಎಂದು ಮಗಳು ಕೈ ಹಿಡಿಯಹೋದರೆ, ರಾಚವ್ವ ಮುಖಕ್ಕೆ ಮೊಣಕೈ ಅಡ್ಡ ಹಿಡಿದಳು.

"ಹೊಡೀರಿ ಅತ್ತೀ. ಆದ್ರ ಗುರು ಎದುರಿಗೆ ಬ್ಯಾಡ್ರೀ. ಕೂಸು ಅಂಜತೈತ್ರೀ."

ಯಾವತ್ತೋ ಸತ್ತು ಮಣ್ಣಾದ ಆ ಮುದುಕಿಯನ್ನು ವಿಜಯಪುರದಿಂದ ಹೊತ್ತು ತಂದು ಬೊರಿವಲಿಯ ಈ ಅಡುಗೆಮನೆಯಲ್ಲಿ ನಿಲ್ಲಿಸಿದ್ದಳು ಮಗಳು, ಅದೂ ಪ್ರೀತಿಯಿಂದ. ಆ ಮುದುಕಿ ಎದುರಿಗೆ ಸಿಕ್ಕಿದ್ದರೆ ಅವಳದೇ ಬರಣಿಯಿಂದ ತಲೆ ಒಡೆಯುತ್ತಿದ್ದೆ. ಸಿಟ್ಟು ತೀರಿಸಲು ಯಾರೂ ಇರಲಿಲ್ಲ.

ಗುರುಬಾಯಿ ನೆಲಕ್ಕೆ ಕುಸಿದು ಕೂತಳು. "ಅವ್ವಾ, ನಾ ಗುರು, ನೋಡ ನನ್ನ" ಎಂದು ಎಷ್ಟು ಗೋಗರೆದರೂ ರಾಚವ್ವ ನಡುಗುತ್ತ, "ಹುಡುಗಿ ಮಲಗ್ಯಾಳ್ರೀ, ಎಬ್ಬಸಬ್ಯಾಡ್ರೀ" ಎನ್ನುತ್ತಿದ್ದಳು. ರಕ್ತ ಒರೆಸಲು ಸಹ ಮುಟ್ಟಗೊಡಲಿಲ್ಲ. ಕೊನೆಗೆ ಗುರುಬಾಯಿ ಕಣ್ಣೊರೆಸಿಕೊಂಡಳು, ಬೆನ್ನು ನೆಟ್ಟಗೆ ಮಾಡಿದಳು. ಅವಳ ಬಾಯಿಂದ ನಾನೆಂದೂ ಕೇಳಿರದ ಗಡಸು ದನಿ ಬಂತು.

"ರಾಚವ್ವಾ. ತಟ್ಟಿ ಹೋದ್ರ ಹೋಗಲಿ. ನಾ ಏನೂ ಅನ್ನಂಗಿಲ್ಲ. ನೀ ತವರ ಮನಿಗೆ ಹೋಗಿ ಬಾ."

ರಾಚವ್ವನ ನಡುಕ ನಿಂತಿತು. ನಂಬಲಾರದವಳಂತೆ ಮಗಳನ್ನೇ ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು.

"ಈ ಸಲನಾರ ಗುರುನ್ನ ಕರಕೊಂಡು ಹೋಗ್ಲೇನ್ರೀ? ನೀವು ಬಿಡೂದಿಲ್ಲ ಅಂತೀರಿ. ಆಕಿನ್ನ ಇಲ್ಲಿ ಬಿಟ್ಟು ನಾ ಹೆಂಗ ಹೋಗ್ಲಿರೀ?"

ಗುರುಬಾಯಿಯ ದನಿ ಮತ್ತೆ ಅವಳದೇ ಆಯಿತು. "ಕರಕೊಂಡು ಹೋಗವ್ವಾ."

ರಾಚವ್ವ ಎದ್ದಳು. ಉಡಿಯ ಚೂರುಗಳು ನೆಲಕ್ಕೆ ಸುರಿದರೂ ನೋಡಲಿಲ್ಲ. ಮಗಳನ್ನು ದಾಟಿಕೊಂಡು ಹಾಲಿಗೆ ಹೋದಳು, ಒಳಕೋಣೆಗೆ ಹೋದಳು, ಮಂಚದ ಕೆಳಗೆ ಬಗ್ಗಿ ನೋಡಿದಳು. "ಗುರೂ, ಏಳವ್ವಾ. ಮನಿಗೆ ಹೋಗೂಣು ಬಾ."

ಕರೆದಾಗಲೆಲ್ಲ ಗುರುಬಾಯಿ ಅಡುಗೆಮನೆಯ ನೆಲದಿಂದ "ಬಂದ್ನಿ ಅವ್ವಾ" ಎನ್ನುತ್ತಿದ್ದಳು. ರಾಚವ್ವ ಹುಡುಕುತ್ತಲೇ ಇದ್ದಳು.