ಜೊಲ್ಲಲ್ಲ, ಜೋಲ್

ನೀನು ನೀರು ಕೇಳುತ್ತಿದ್ದೆ, ಮಿತುಲ್. ನಾನು ನಿನ್ನ ಬಾಯಿ ಒರೆಸುತ್ತಿದ್ದೆ. ಅದು ಸಾಲದು ಎಂಬಂತೆ ನಿನ್ನಮ್ಮನ ಮುಂದೆ ಸುಳ್ಳು ಹೇಳಿ ನಿನಗೆ ಏಟೂ ತಿನ್ನಿಸಿದೆ. ಮೊದಲು ಇಷ್ಟನ್ನು ಹೇಳಿಬಿಡುತ್ತೇನೆ — ತಡ ಮಾಡಿದರೆ ಏನಾದರೊಂದು ನೆಪ ಹುಡುಕುವವಳು ನಾನು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಜಯನಗರದ ಒಂದು ಬೇಬಿ ಸಿಟ್ಟಿಂಗ್‌ನಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಆಂಟಿಯರಲ್ಲಿ ನಾನೂ ಒಬ್ಬಳು. ಸಿದ್ದಾಪುರದಿಂದ ನಡೆದೇ ಬರುತ್ತಿದ್ದೆ. ನಿನ್ನಪ್ಪ ಅಮ್ಮ ಕಲ್ಕತ್ತಾ ಕಡೆಯವರು. ನಿನಗೆ ಆಗ ಎರಡು ತುಂಬಿತ್ತು, ಮಾತು ಬರುತ್ತಿತ್ತು — ಬಂಗಾಳಿ ಮಾತು. ಅದರ ಒಂದಕ್ಷರವೂ ನಮಗೆ ಯಾರಿಗೂ ಬರುತ್ತಿರಲಿಲ್ಲ. "ಮಕ್ಕಳ ಹತ್ರ ಇಂಗ್ಲಿಷಲ್ಲೇ ಮಾತಾಡ್ಬೇಕಮ್ಮ, ಸ್ಕೂಲ್ ಇಂಟರ್‌ವ್ಯೂಗೆ ರೆಡಿ ಆಗ್ಬೇಕು" ಎಂದು ಅಲ್ಲಿನ ಮೇಡಂ ಅಪ್ಪಣೆ. ಎಂಥ ಮಣ್ಣಾಂಗಟ್ಟಿ ರೂಲು! ನನಗೆ ಬರುತ್ತಿದ್ದ ಇಂಗ್ಲಿಷೆಂದರೆ ಕಮ್, ಸಿಟ್, ನೋ. ಅದರಲ್ಲೂ ನೋ ಜಾಸ್ತಿ. ಆದರೆ ಆದದ್ದನ್ನೆಲ್ಲ ಮೇಡಂ ತಲೆಗೆ ಕಟ್ಟಲಾರೆ.

ಬೇಸಿಗೆ. ಹಿಂದಿನ ಹಲ್ಲು ಬರುತ್ತಿದ್ದುದರಿಂದ ನಿನ್ನ ಗದ್ದ ಸದಾ ಒದ್ದೆ. ನೀನು ನನ್ನ ಸೆರಗು ಜಗ್ಗಿ "ಜೋಲ್, ಜೋಲ್" ಎನ್ನುತ್ತಿದ್ದೆ. ಅಬ್ಬಾ, ಈ ಮಗು ಆಗಲೇ ಜೊಲ್ಲು ಅನ್ನೋದು ಕಲಿತುಬಿಟ್ಟಿತಲ್ಲ ಎಂದು ನಾನು ಬೀಗಿದೆ! ಉಳಿದ ಆಂಟಿಯರನ್ನು ಕರೆದು ತೋರಿಸಿದೆ. ಎಲ್ಲರೂ ನಕ್ಕರು. "ಜೊಲ್ಲಾ ಚಿನ್ನಾ? ಬಾ, ಒರೆಸ್ತೀನಿ." ನೀನು ಮುಖ ತಿರುಗಿಸಿದರೆ ಗದ್ದ ಹಿಡಿದು ಒರೆಸುತ್ತಿದ್ದೆ. ನೀನು ಮೇಲಿನ ಹಲಗೆಯತ್ತ ಕೈ ತೋರಿಸುತ್ತಿದ್ದೆ. ನಿಮ್ಮ ಬ್ಯಾಗುಗಳೂ ನೀರಿನ ಬಾಟಲಿಗಳೂ ಇದ್ದದ್ದು ಅಲ್ಲೇ. ಬ್ಯಾಗು ಬೇಕಂತೆ, ಮನೆಗೆ ಹೋಗುವ ಹಠ ಎಂದುಕೊಂಡೆ. ಕೈಗೆ ಸಿಕ್ಕರೆ ನೆಲವೆಲ್ಲ ಒದ್ದೆ ಮಾಡುತ್ತೀರೆಂದು ಬಾಟಲಿಗಳನ್ನು ಅಷ್ಟು ಮೇಲಿಟ್ಟವಳೂ ನಾನೇ. ಊಟದ ಜೊತೆ ಕೊಡುತ್ತಿದ್ದ ಒಂದು ಪುಟ್ಟ ಲೋಟದ ನೀರೇ ನಿನಗೆ ಗತಿ.

ಮಕ್ಕಳನ್ನು ಅರ್ಥ ಮಾಡಿಕೊಳ್ಳಲು ಭಾಷೆ ಬೇಡ, ಪ್ರೀತಿ ಸಾಕು ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಾಕಾಗುವುದಿಲ್ಲ! ನಾನು ನಿನ್ನ ಬಾಯಿ ಒರೆಸಿದ್ದೂ ಪ್ರೀತಿಯಿಂದಲೇ.

ನಿನಗೆ ಉರಿಮೂತ್ರವಾಯಿತು, ಜ್ವರ ಬಂತು. ವಾಸಿಯಾಗಿ ಮತ್ತೆ ಬಂದ ದಿನ ನಿನ್ನಮ್ಮ ಒಳಗೇ ಬಂದರು. ಬಾಟಲಿ ತೆರೆದು ನಿನ್ನನ್ನು "ಜೋಲ್ ಖಾಬಿ?" ಎಂದು ಕೇಳಿದರು. ನೀನು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿದೆ. ಜೋಲ್ ಎಂದರೆ ನೀರು! ಗೊತ್ತಾಯಿತು, ಆ ಕ್ಷಣದಲ್ಲೇ ಗೊತ್ತಾಯಿತು — ಗೊತ್ತಿರಲಿಲ್ಲ ಎಂದು ಇನ್ನು ನಾನು ಹೇಳುವ ಹಾಗಿಲ್ಲ.

"ಆಂಟಿ, ಡಾಕ್ಟರ್ ಬೈತಾರೆ. ಇವಳು ಇಲ್ಲಿ ನೀರ್ ಕುಡಿಯಲ್ಲ?" ಎಂದು ಅವರು ಹರಕು ಮುರುಕು ಕನ್ನಡದಲ್ಲಿ ಕೇಳಿದರು. ಊರಿಗೆ ಹೊಸಬರು, ನಮಗೋಸ್ಕರ 'ನೀರು' ಕಲಿತಿದ್ದರು. ದಿನಾ ಬಾಗಿಲಲ್ಲೇ ಸಿಗುತ್ತಿದ್ದ ಅವರನ್ನು ನಾನು, ಮಗು ಏನನ್ನುತ್ತೆ ಮೇಡಂ ಎಂದು ಒಂದು ಮಾತು ಕೇಳಿದ್ದರೆ...

"ಕೊಟ್ರೆ ಉಗೀತಾಳೆ ಮೇಡಂ. ತುಂಬಾ ಹಠ" ಎಂದೆ.

ಕೆಲಸ ಹೋಗುತ್ತದೆಂಬ ಭಯವೇ? ಇರಬಹುದು. ಅದಕ್ಕಿಂತ ಹೆಚ್ಚಾಗಿ, ನಾಲ್ಕು ಜನರ ಮುಂದೆ ನಗೆಪಾಟಲಾಗುವುದು ನನಗೆ ಬೇಡವಾಗಿತ್ತು. ನಿನ್ನಮ್ಮ ನಿನ್ನ ಬೆನ್ನಿಗೆ ಒಂದು ಬಿಟ್ಟರು. ನೀನು ಅಳುತ್ತ ಓಡಿ ಬಂದು ತಬ್ಬಿಕೊಂಡದ್ದು — ನನ್ನ ಕಾಲನ್ನು.

ಆಮೇಲೆ ನೀರು ಕೊಟ್ಟೆ, ಕೇಳದಿದ್ದರೂ ಕೊಟ್ಟೆ. ನೀನು ಮಾತ್ರ ಮತ್ತೆಂದೂ ನನ್ನ ಬಳಿ "ಜೋಲ್" ಎನ್ನಲಿಲ್ಲ. ಬಾಯಾರಿದಾಗ ನನ್ನೆದುರು ಬಂದು ನಿಂತು, ಫ್ರಾಕಿನ ಅಂಚಿನಿಂದ ನಿನ್ನ ಬಾಯಿ ನೀನೇ ಒರೆಸಿಕೊಂಡು, ಕಾಯುತ್ತಿದ್ದೆ. ಹಾಗೆ ಮಾಡಬೇಕೆಂದು ಕಲಿಸಿದವಳು ನಾನು. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ನೀವು ಮನೆ ಬದಲಾಯಿಸಿ ಹೋದಿರಿ. ನಿನ್ನಮ್ಮನಿಗೆ ನಾನು ನಿಜ ಹೇಳಲೇ ಇಲ್ಲ. ಚಿಕ್ಕಂದಿನಲ್ಲಿ ಇವಳು ಭಾರೀ ಹಠಮಾರಿ, ನೀರು ಕೊಟ್ಟರೆ ಉಗಿಯುತ್ತಿದ್ದಳಂತೆ ಎಂದು ನಿಮ್ಮ ಮನೆಯಲ್ಲಿ ಈಗಲೂ ಹೇಳುತ್ತಿರಬಹುದು. ಒಪ್ಪಬೇಡ, ಮಿತುಲ್. ಆ ಆಂಟಿ ಸುಳ್ಳು ಹೇಳಿದಳು ಎನ್ನು. ನಿನಗೆ ಹಠವಿರಲಿಲ್ಲ. ಬಾಯಾರಿಕೆಯಾಗಿತ್ತು.